ಅರಳಿಕಟ್ಟೆಯ ನಕ್ಷೆಯಲ್ಲಿ ನಮ್ಮ ಪಾಲೆಷ್ಟು?

ಪ್ರಶ್ನೆ: ನಾವಿರುವ ಹಳ್ಳಿ 2021ರಲ್ಲಿ ಪುಣೆ ಮಹಾನಗರ ಪಾಲಿಕೆಗೆ ಸೇರಿತು. ಈಗ ಗಾವಠಾಣದ, ಅಂದರೆ ಹಳ್ಳಿಯ ಹಳೆಯ ವಸತಿ ಭಾಗದ, ಅರಳಿಕಟ್ಟೆಯನ್ನೂ ಗುಡಿಯ ಮುಂದಿನ ಬಯಲನ್ನೂ ‘ಸುಂದರಗೊಳಿಸುವ’ ಮಾತು ನಡೆದಿದೆ. ಊರವರನ್ನೆಲ್ಲ ಸೇರಿಸಿಕೊಂಡೇ ನಕ್ಷೆ ಮಾಡಬೇಕೆಂದು ಕೆಲವರು ಹೇಳುತ್ತಿದ್ದಾರೆ. ಪಕ್ಕದ ಹೌಸಿಂಗ್ ಸೊಸೈಟಿಯಲ್ಲಿರುವ ನಮ್ಮಂಥ ಕನ್ನಡಿಗರು ಇದರಲ್ಲಿ ಬಾಯಿ ಹಾಕುವುದು ಸರಿಯೇ?
— ಓದುಗರೊಬ್ಬರು, ಪುಣೆ

ಉತ್ತರ: ಸರಿಯೇ, ಆದರೆ ಎಲ್ಲದರಲ್ಲೂ ಅಲ್ಲ. ಪಲ್ಲಕ್ಕಿಯ ದಾರಿ ಯಾವುದು, ಜಾತ್ರೆಯ ಕುಸ್ತಿಗೆ ಎಷ್ಟು ಮಣ್ಣಿನ ನೆಲ ಉಳಿಯಬೇಕು ಎಂಬುದನ್ನು ತಲೆಮಾರುಗಳಿಂದ ಅಲ್ಲಿರುವ ಮನೆತನಗಳೇ ನಿರ್ಧರಿಸಲಿ. ದಿನವೂ ಆ ಬಯಲನ್ನು ದಾಟುವ, ಅಲ್ಲಿಯೇ ಸೊಪ್ಪು ಕೊಳ್ಳುವ ನೀವು ದೀಪ, ಚರಂಡಿ, ವಾಹನ ನಿಲುಗಡೆಯ ಬಗ್ಗೆ ಅಗತ್ಯವಾಗಿ ಮಾತನಾಡಬಹುದು.

ಇಂಥ ಕೆಲಸ ಕೆಡುವುದು ಹೆಚ್ಚಾಗಿ ನಕ್ಷೆ ಸಿದ್ಧವಾದ ಮೇಲೆ ಸಭೆ ಕರೆಯುವುದರಿಂದ. ಬಣ್ಣದ ಚಿತ್ರ ತೋರಿಸಿ ಅಭಿಪ್ರಾಯ ಕೇಳಿದರೆ ಜನ ತಲೆಯಾಡಿಸಿ ಎದ್ದುಹೋಗುತ್ತಾರೆ. ಅದಕ್ಕಿಂತ, ಕಟ್ಟೆಯ ಹೊಸ ಅಂಚು, ಮೆಟ್ಟಿಲು, ಕಂಬಿ ಬರುವ ಜಾಗಗಳನ್ನು ಬಯಲಿನಲ್ಲಿಯೇ ಸುಣ್ಣದ ಪುಡಿಯಿಂದ ನಿಜವಾದ ಅಳತೆಯಲ್ಲಿ ಗುರುತಿಸಿ, ಪಲ್ಲಕ್ಕಿ ಹೊರುವವರು ಬೊಂಬನ್ನು ಹೆಗಲಿಗಿಟ್ಟುಕೊಂಡು ಆ ತಿರುವಿನಲ್ಲಿ ನಡೆದು ನೋಡಲಿ. ಬೊಂಬು ಕಂಬಿಗೆ ತಗಲುವುದಾದರೆ ತಪ್ಪು ಅಲ್ಲಿಯೇ, ಖರ್ಚಿಲ್ಲದೆ ತಿಳಿಯುತ್ತದೆ. ಮರದ ಬುಡದವರೆಗೆ ಗ್ರಾನೈಟ್ ಹಾಸುವ ಚಪಲವನ್ನಂತೂ ತಡೆಯಲೇಬೇಕು. ಬೇರಿಗೆ ನೀರು, ಗಾಳಿ ತಪ್ಪಿದರೆ ಮರ ಸೊರಗುತ್ತದೆ. ಕಾದ ಕಲ್ಲಿನ ಮೇಲೆ ಮಧ್ಯಾಹ್ನ ಕೂರುವವರೂ ಇರುವುದಿಲ್ಲ. (ಗೋಡೆಗೆ ಪಂಢರಪುರಕ್ಕೆ ನಡೆದು ಹೋಗುವ ವಾರಕರಿ ಭಕ್ತರ ಚಿತ್ರ ಬರೆಸಿದ ಮಾತ್ರಕ್ಕೆ ಊರಿನ ಗುರುತು ಉಳಿಯಿತೆಂದು ನನಗೆ ಅನ್ನಿಸುವುದಿಲ್ಲ.)

ನಿಮ್ಮಿಂದಲೇ ಆಗಬಹುದಾದ ಕೆಲಸ ಬೇರೊಂದಿದೆ. ಪುಣೆಯ ಹಳೆಯ ಗಾವಠಾಣಗಳ ಬಾಡಿಗೆ ಖೋಲಿಗಳಲ್ಲಿ ಕಲಬುರಗಿ, ವಿಜಯಪುರ ಕಡೆಯ ಕೂಲಿಕಾರರೂ ಇರುತ್ತಾರೆ. ಅವರಿಗೆ ಹಗಲಿನ ಸಭೆ ಎಂದರೆ ಒಂದು ದಿನದ ಕೂಲಿ ಹೋದಂತೆ. ಹೋದರೂ ಮರಾಠಿಯಲ್ಲಿ ಎದ್ದು ನಿಂತು ಮಾತನಾಡಲು ಹಿಂಜರಿಯುತ್ತಾರೆ. ಆದ್ದರಿಂದ ರಾತ್ರಿ ಊಟದ ಹೊತ್ತಿಗೆ ಅವರಿದ್ದಲ್ಲಿಗೇ ಹೋಗಿ, ನಲ್ಲಿಯ ಸರದಿ ಎಲ್ಲಿ ನಿಲ್ಲುತ್ತದೆ, ಹೆಂಗಸರು ಯಾವ ಮೂಲೆಯನ್ನು ಕತ್ತಲಾದ ಮೇಲೆ ತಪ್ಪಿಸುತ್ತಾರೆ ಎಂದು ಕನ್ನಡದಲ್ಲಿ ಕೇಳಿ ಬರೆದುಕೊಂಡು, ನಕ್ಷೆ ಮಾಡುವವರಿಗೆ ಮುಟ್ಟಿಸಿ.

ಇನ್ನು ಹಣದ ವಿಚಾರ. ವಾರ್ಡಿನ ಸಣ್ಣ ಕಾಮಗಾರಿಗಳನ್ನು ನಾಗರಿಕರೇ ಸೂಚಿಸುವ ಸಹಭಾಗಿ ಬಜೆಟ್ ಪದ್ಧತಿಯನ್ನು ಪುಣೆ ಪಾಲಿಕೆ 2006ರಲ್ಲಿ ಆರಂಭಿಸಿತು. ಅದಕ್ಕೆ ಕೊಡುವ ಅರ್ಜಿಯಲ್ಲಿ ಬರೀ ‘ಕಟ್ಟೆ ದುರಸ್ತಿ’ ಎಂದು ಬರೆದರೆ ಗುತ್ತಿಗೆದಾರರು ತಮಗೆ ತೋಚಿದಂತೆ ಕಟ್ಟಿಬಿಡುತ್ತಾರೆ. ಊರವರು ಒಪ್ಪಿದ ಅಳತೆಗಳ ನಕ್ಷೆಯನ್ನೂ ಜೊತೆಗೆ ಲಗತ್ತಿಸಿ, ಸ್ವೀಕೃತಿಯ ಪ್ರತಿಯನ್ನು ತಪ್ಪದೆ ಪಡೆದುಕೊಳ್ಳಿ.