ಅರ್ಜಿ ಕಟ್ಟೆ: ಶಾಸಕರಿಗೆ ಏನಂತ ಬರೆಯೋದು ಕಾಕಾ?

ಗದಗಿನ ತಹಶೀಲ್ದಾರ್ ಕಚೇರಿ ಎದುರಿನ ಬೇವಿನ ಮರದ ಕೆಳಗೆ ಮೂವತ್ತೊಂದು ವರ್ಷ ಕನ್ನಡ ಟೈಪ್‌ರೈಟರ್ ಕುಟ್ಟಿದವನು ನಾನು. ಮಷಿನ್ ಈಗ ಅಟ್ಟ ಸೇರಿದೆ, ಅರ್ಜಿಯ ಚಟ ಮಾತ್ರ ಬಿಟ್ಟಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಶಾಸಕರ ಬಗ್ಗೆಯೇ. ಬೇರೆಯವನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಕಾಕಾ, ನಾನು ಹಳ್ಳಿಯಿಂದ ಗದಗಿಗೆ ದಿನಾ ಕಾಲೇಜಿಗೆ ಹೋಗಿಬರುತ್ತೇನೆ. ಬೆಳಗ್ಗೆ ಇರೋದು ಒಂದೇ ಬಸ್ಸು. ನಮ್ಮೂರಿಗೆ ಬರುವಷ್ಟರಲ್ಲಿ ತುಂಬಿರುತ್ತದೆ, ಎಷ್ಟೋ ದಿನ ನಿಲ್ಲಿಸುವುದೇ ಇಲ್ಲ. ಊರವರೆಲ್ಲ ಸಹಿ ಹಾಕಿ ಶಾಸಕರಿಗೆ ಮನವಿ ಕೊಟ್ಟೆವು. ಫೋಟೋ ತೆಗೆಸಿಕೊಂಡರು, ಅಷ್ಟೇ. ಮತ್ತೆ ಬರೆದರೆ ಉಪಯೋಗ ಉಂಟಾ?
*– ವಿದ್ಯಾರ್ಥಿನಿ, ರೋಣ ತಾಲ್ಲೂಕು*

ಉಂಟು ತಂಗಿ. ಆದರೆ ನೀನು ಕಳಿಸಿದ ಮನವಿಯ ಪ್ರತಿ ಓದಿದೆ. ಮೊದಲ ಪುಟ ಪೂರ್ತಿ ಹೊಗಳಿಕೆ. "ಬಡವರ ಬಂಧು" ಎರಡು ಸಲ ಬಂದಿದೆ. ಬಸ್ಸಿನ ಸುದ್ದಿ ಎರಡನೇ ಪುಟದ ಕೊನೆಯಲ್ಲಿ, ಚರಂಡಿ, ಸಮುದಾಯ ಭವನ, ರುದ್ರಭೂಮಿಯ ಕಾಂಪೌಂಡಿನ ಜೊತೆ. ಬಸ್ಸು ಎಷ್ಟು ಗಂಟೆಯದು, ಎಷ್ಟು ಮಕ್ಕಳು ಹೋಗುತ್ತೀರಿ, ಒಂದೂ ಇಲ್ಲ. ಫೋನ್ ನಂಬರೂ ಇಲ್ಲ.

ಬೇಜಾರಾಗಬೇಡ, ನಾನೂ ಹಿಂಗೇ ಬರೆಯುತ್ತಿದ್ದೆ. ಒಮ್ಮೆ ಬೆಟಗೇರಿಯ ನೇಕಾರರೊಬ್ಬರಿಗೆ ನಾಲ್ಕು ಪುಟ ಟೈಪ್ ಮಾಡಿಕೊಟ್ಟೆ. ಪುಟದ ಲೆಕ್ಕದಲ್ಲಿ ದುಡ್ಡು, ಹಾಗಾಗಿ ನಾಲ್ಕು! ಮೂರು ತಿಂಗಳ ಮೇಲೆ ಅವರು ಅದೇ ಕಾಗದ ಹಿಡಿದುಕೊಂಡು ವಾಪಸ್ ಬಂದರು. ಶಾಸಕರ ಆಪ್ತ ಸಹಾಯಕರು ಕೇಳಿದ್ದರಂತೆ: "ಅಲ್ರೀ ಯಜಮಾನ್ರ, ನಿಮಗೇನು ಬೇಕಂತ ಇದ್ರಾಗ ಎಲ್ಲೈತ್ರೀ?" ಅವತ್ತಿನಿಂದ ನನ್ನದು ಒಂದೇ ಪುಟ. ಗಳಿಕೆ ಕಮ್ಮಿಯಾಯಿತು, ಅದು ಬೇರೆ ಮಾತು.

ಈಗ ನಿನ್ನ ಬಸ್ಸು. ಒಂದು ಟ್ರಿಪ್ ಜಾಸ್ತಿ ಹಾಕಿಸುವುದು ಒಂದು ಫೋನಿನ ಕೆಲಸ. ಶಾಸಕರು ಡಿಪೋಗೆ ಫೋನ್ ಮಾಡಿದರೆ ಎಂಟು ದಿನ ಬಸ್ಸು ಬರುತ್ತದೆ, ಒಂಬತ್ತನೇ ದಿನ ನಿಲ್ಲುತ್ತದೆ. ಆದರೆ ಇದು ನಿಮ್ಮೂರಿನದೊಂದೇ ಗೋಳಲ್ಲವಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಒಳ್ಳೆಯದೇ ಆಯಿತು. ಹತ್ತುವವರು ಹೆಚ್ಚಾದ ಮೇಲೆ ಹಳ್ಳಿ ರೂಟುಗಳಲ್ಲಿ ಬಸ್ಸು ಎಷ್ಟು ಹೆಚ್ಚಾದವು? ಇದನ್ನು ಡಿಪೋ ಮ್ಯಾನೇಜರ್ ಹೇಳುವುದಲ್ಲ, ಸಾರಿಗೆ ಮಂತ್ರಿ ಹೇಳಬೇಕು. ಮಂತ್ರಿಯ ಬಾಯಿ ಬಿಡಿಸುವ ಅಧಿಕಾರ ನಿನಗೂ ಇಲ್ಲ, ನನಗೂ ಇಲ್ಲ. ಶಾಸಕರಿಗೆ ಇದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಶಾಸಕರ ಹತ್ತಿರ ಕೆಲಸ ಕೇಳಬೇಡಿ, ಅವರ ಕೈಲಿ ಪ್ರಶ್ನೆ ಕೇಳಿಸಿ.

ಸದನದ ಪ್ರಶ್ನೆ ಎರಡು ತರ. ಚುಕ್ಕೆ ಗುರುತಿನದಾದರೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಎರಡನೆಯದು ಸಪ್ಪೆ ಅಂತ ತಿಳಿಯಬೇಡ. ಆ ಹಾಳೆ ನೋಡಿದ್ದೀಯಾ? ಎಡಗಡೆ ಪ್ರಶ್ನೆ, ಅ, ಆ, ಇ ಅಂತ ಭಾಗ ಮಾಡಿರುತ್ತಾರೆ. ಬಲಗಡೆ ಅದಕ್ಕೆ ಸರಿಯಾಗಿ ಉತ್ತರ. ಕೆಳಗೆ ಮಂತ್ರಿಯ ಹೆಸರು. ಈ ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲೂ ಸಿಗುತ್ತವೆ, ಯಾರು ಬೇಕಾದರೂ ತೆಗೆದು ಓದಬಹುದು.

ಒಂದು ಕಿವಿಮಾತು. "ಬಸ್ಸಿನ ತೊಂದರೆ ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಕೇಳಿಸಬೇಡ. ಬಲಗಡೆ ಒಂದೇ ಪದ ಇರುತ್ತದೆ: "ಬಂದಿದೆ." ಮುಗೀತು! ಲೆಕ್ಕ ಕೇಳಬೇಕು. ಹೀಗೆ ಬರೆ:

"ಮಾನ್ಯರೇ, ನಮ್ಮೂರಿನಿಂದ ಇಷ್ಟು ಮಕ್ಕಳು ಗದಗಿಗೆ ಕಾಲೇಜಿಗೆ ಹೋಗುತ್ತೇವೆ. ಬೆಳಗ್ಗೆ ಇಷ್ಟು ಗಂಟೆಗೆ ಒಂದೇ ಬಸ್ಸು. ಕಳೆದ ತಿಂಗಳು ಇಂತಿಂಥ ದಿನ ಅದು ನಿಲ್ಲಲಿಲ್ಲ. ದಯವಿಟ್ಟು ಮುಂದಿನ ಅಧಿವೇಶನದಲ್ಲಿ ಕೇಳಿರಿ: ಅ) ರೋಣ ತಾಲ್ಲೂಕಿನ ಹಳ್ಳಿಗಳಿಂದ ಬೆಳಗ್ಗೆ 7ರಿಂದ 9ರ ಒಳಗೆ 2023ರ ಜೂನ್‌ಗೆ ಮೊದಲು ಎಷ್ಟು ಬಸ್ಸಿದ್ದವು, ಈಗ ಎಷ್ಟಿವೆ? ಆ) ಹೆಚ್ಚಿಸುವುದಾದರೆ ಎಷ್ಟು, ಯಾವ ತಿಂಗಳಿನಿಂದ?"

ಕೆಳಗೆ ಹೆಸರು, ಊರು, ಫೋನ್ ನಂಬರ್. ನಿಲ್ಲದ ದಿನಗಳನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಇವತ್ತಿನಿಂದಲೇ ಗುರುತು ಹಾಕಿಕೊಳ್ಳಿ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ. ಶಾಸಕರು ಪ್ರಶ್ನೆಯ ಸೂಚನೆಯನ್ನು ಮೊದಲೇ ಕೊಡಬೇಕು. ಹಾಗಾಗಿ ದೀಪಾವಳಿ ಹೊತ್ತಿಗೆ ನಿನ್ನ ಪತ್ರ ಅವರ ಕೈಯಲ್ಲಿರಲಿ. ಅಧಿವೇಶನ ಶುರುವಾದ ದಿನ ಟಿವಿ ನೋಡಿ ನೆನಪಾಗಿ ಓಡಿದರೆ ಬಸ್ಸು ತಪ್ಪಿದ ಹಾಗೇ.

ನಮ್ಮ ಶಾಸಕರೇ ಮಂತ್ರಿ ಆಗಿದ್ದರೆ ಯಾರ ಕೈಲಿ ಕೇಳಿಸೋದು?
*– ನಿವೃತ್ತ ಶಿಕ್ಷಕರು, ಗದಗ*

ಒಳ್ಳೆ ಪ್ರಶ್ನೆ ಗುರುಗಳೇ. ಮಂತ್ರಿಗಳು ಉತ್ತರ ಕೊಡುವವರು, ಅವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ. ಆದರೆ ನಾವು ವಿಧಾನ ಪರಿಷತ್ತನ್ನು ಮರೆತೇ ಬಿಡುತ್ತೇವೆ. ವಿಧಾನಸಭೆಯಲ್ಲಿ 224 ಜನ ಇದ್ದರೆ ಪರಿಷತ್ತಿನಲ್ಲಿ 75 ಜನ ಇದ್ದಾರೆ. ಪದವೀಧರರು ಮತ ಹಾಕುವ ಪಶ್ಚಿಮ ಪದವೀಧರ ಕ್ಷೇತ್ರ, ಶಿಕ್ಷಕರು ಮತ ಹಾಕುವ ಪಶ್ಚಿಮ ಶಿಕ್ಷಕರ ಕ್ಷೇತ್ರ ಎರಡಕ್ಕೂ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರುತ್ತವೆ. ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಹೋದವರು ಬೇರೆ. ಇವರೂ ಪ್ರಶ್ನೆ ಕೇಳಬಹುದು, ಗಮನ ಸೆಳೆಯುವ ಸೂಚನೆ ಕೊಡಬಹುದು. ಅವರ ಮನೆ ಮುಂದೆ ಅರ್ಜಿ ಹಿಡಿದವರ ಸಾಲು ಎಂಎಲ್‌ಎ ಮನೆ ಮುಂದಿನಷ್ಟು ಇರುವುದಿಲ್ಲ. ಚಹಾನೂ ಸಿಗಬಹುದು.

ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ನಾಲ್ಕು ವರ್ಷದಿಂದ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದೇನೆ. ನೇಮಕಾತಿ ತಡವಾದಷ್ಟೂ ನಮ್ಮ ವಯಸ್ಸು ಮೀರುತ್ತದೆ. ಬೀದಿಗಿಳಿಯುವುದು ಬಿಟ್ಟರೆ ಬೇರೆ ದಾರಿ ಇಲ್ವಾ?
*– ಸ್ಪರ್ಧಾರ್ಥಿ, ಧಾರವಾಡ*

ಬೀದಿಗಿಳಿಯುವುದು ತಪ್ಪಲ್ಲ ತಮ್ಮಾ, ಅದರ ಜೊತೆ ಕಾಗದದ ಕೆಲಸವೂ ಆಗಲಿ. ನಿನಗೊಂದು ಮಾತು ಕೇಳುತ್ತೇನೆ. ಪದವೀಧರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರಿದೆಯಾ? ಎಂಎಲ್‌ಎ ಚುನಾವಣೆಯ ಪಟ್ಟಿಯಲ್ಲಿ ಇದ್ದರೂ ಇಲ್ಲಿ ತಾನಾಗಿ ಬರುವುದಿಲ್ಲ. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಪದವಿ ಮುಗಿದು ಮೂರು ವರ್ಷ ಆಗಿರಬೇಕು, ನಮೂನೆ 18 ತುಂಬಿ ಕೊಡಬೇಕು. ಸಪ್ತಾಪುರದ ಒಂದೊಂದು ಓಣಿಯಲ್ಲೂ ಪದವೀಧರರೇ ತುಂಬಿದ್ದೀರಿ, ಅದರಲ್ಲಿ ಫಾರ್ಮ್ ತುಂಬಿದವರು ಎಷ್ಟು ಜನ? ಪಟ್ಟಿಯಲ್ಲಿ ಹೆಸರಿರುವವನ ಪತ್ರವನ್ನು ಪರಿಷತ್ ಸದಸ್ಯರು ಬೇರೆ ಕಣ್ಣಿನಿಂದ ನೋಡುತ್ತಾರೆ. ಮನುಷ್ಯ ಸ್ವಭಾವ ಅದು.

ಇನ್ನೊಂದು. ನೇಮಕಾತಿ ನಿಯಮ ಬದಲಿಸುವಾಗ ಸರ್ಕಾರ ಮೊದಲು ಕರಡನ್ನು ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್ಟಿನಲ್ಲಿ, ಹಾಕಿ ಆಕ್ಷೇಪಣೆ ಕೇಳುತ್ತದೆ. ಅದಕ್ಕೆ ಕೊಡುವುದು ಕೆಲವೇ ದಿನ. ನೀವು ದಿನಾ ಪೇಪರ್ ಕತ್ತರಿಸಿ ಕರೆಂಟ್ ಅಫೇರ್ಸ್ ಫೈಲ್ ಮಾಡುವವರು. ಅದರಲ್ಲಿ ರಾಜ್ಯಪತ್ರಕ್ಕೂ ಒಂದು ಜಾಗ ಇರಲಿ. ಆಕ್ಷೇಪಣೆ ಕಳಿಸಿದರೆ ಅದರ ಪ್ರತಿಯನ್ನು ನಿಮ್ಮ ಶಾಸಕರಿಗೂ ಹಾಕಿ.

ನಮ್ಮ ಊರಿನ ಸ್ಟೇಶನ್ನಿನಲ್ಲಿ ಎಕ್ಸ್‌ಪ್ರೆಸ್ ರೈಲು ನಿಲ್ಲಿಸಲು ಎಂಎಲ್‌ಎ ಅವರಿಗೆ ಮೂರು ಸಲ ಬರೆದೆ. ಉತ್ತರ ಇಲ್ಲ.
*– ವ್ಯಾಪಾರಸ್ಥರು, ಹಾವೇರಿ ಜಿಲ್ಲೆ*

ರೈಲು ಕೇಂದ್ರದ್ದು ಸಾಹೇಬರೇ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದ್ದರೂ ವಿಧಾನಸಭೆಗೂ ಅದಕ್ಕೂ ಸಂಬಂಧ ಇಲ್ಲ. ಎಂಪಿಗೆ ಬರೆಯಿರಿ. ಆದರೆ ಯಾವ ಎಂಪಿ ಅಂತ ನೋಡಿಕೊಳ್ಳಿ. ಶಿಗ್ಗಾವಿ ಹಾವೇರಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಧಾರವಾಡ ಕ್ಷೇತ್ರ. ಗದಗ ಜಿಲ್ಲೆಯ ನರಗುಂದದವರಿಗೆ ಬಾಗಲಕೋಟೆ. ತಪ್ಪು ವಿಳಾಸಕ್ಕೆ ಹೋದ ಅರ್ಜಿ ಯಾರ ಟೇಬಲ್ಲಿನ ಮೇಲೂ ನಿಲ್ಲುವುದಿಲ್ಲ.

ಒಂದೇ ಪತ್ರವನ್ನು ನಾವು ಐನೂರು ಜನ ಸೇರಿ ವಾಟ್ಸಾಪ್‌ನಲ್ಲಿ ಶಾಸಕರಿಗೆ ಫಾರ್ವರ್ಡ್ ಮಾಡಿದರೆ ಪರಿಣಾಮ ಜಾಸ್ತಿ ಅಲ್ವಾ?
*– ಯುವಕ, ಹುಬ್ಬಳ್ಳಿ*

ಇಲ್ಲ. ಐನೂರು ಸಲ ಟಿಂಗ್ ಅಂದ ಮೇಲೆ ಪಿಎ ಮೊದಲು ಮಾಡುವ ಕೆಲಸ ಮ್ಯೂಟ್ ಒತ್ತುವುದು. ಐನೂರು ಜನರಲ್ಲಿ ಹತ್ತು ಜನ ತಮ್ಮ ತಮ್ಮ ಓಣಿಯ ಸಂಗತಿಯನ್ನು ತಮ್ಮದೇ ಮಾತಿನಲ್ಲಿ, ಬೇಕಾದರೆ ಹುಬ್ಬಳ್ಳಿ ಭಾಷೆಯಲ್ಲೇ, ಕೈಯಲ್ಲಿ ಬರೆದು ಕೊಡಲಿ. ಕಚೇರಿಗೆ ಹೋದಾಗ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ಸ್ವೀಕರಿಸಿದೆ" ಅಂತ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. "ಬಿಟ್ಟು ಹೋಗ್ರಿ, ಸಾಹೇಬ್ರಿಗೆ ಹೇಳ್ತೀವಿ" ಅನ್ನುತ್ತಾರೆ. ನಗುತ್ತಾ ಅಲ್ಲೇ ನಿಲ್ಲಿ. ಸೀಲು ಡ್ರಾಯರಿನಲ್ಲೇ ಇರುತ್ತದೆ.