ಮುಖ್ಯಮಂತ್ರಿಯನ್ನು ನಾವೇ ಆರಿಸಿದರೆ ರೆಸಾರ್ಟ್ ರಾಜಕೀಯ ನಿಂತೀತೇ?

ಕಾಪುವಿನ ಓದುಗರೊಬ್ಬರ ಪತ್ರದ ಸಾರ: "ನಾವು ಓಟು ಹಾಕುವುದು ಒಂದು ಪಕ್ಷಕ್ಕೆ, ಗೆದ್ದವರು ರೆಸಾರ್ಟಿಗೆ ಹೋಗಿ ಬರುವಷ್ಟರಲ್ಲಿ ಸರಕಾರ ಇನ್ನೊಂದು ಪಕ್ಷದ್ದು. ಅಮೆರಿಕದ ಹಾಗೆ ಮುಖ್ಯಸ್ಥರನ್ನು ಜನರೇ ನೇರವಾಗಿ ಆರಿಸಿದರೆ ಈ ಪೀಡೆ ತಪ್ಪುವುದಿಲ್ಲವೇ? ಅದಕ್ಕೆ ಅಡ್ಡಿ ಏನು?"

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಸಿಟ್ಟಿಗೆ ಕಾರಣ ಉಂಟು. ಆದರೆ ನೀವು ಕೇಳುವ ಮದ್ದು ಈ ಕಾಯಿಲೆಯದ್ದಲ್ಲ. 2019ರ ಜುಲೈ ತಿಂಗಳ ಲೆಕ್ಕವನ್ನೇ ಬಿಡಿಸಿ ನೋಡೋಣ.

ನಮ್ಮ ವಿಧಾನಸಭೆಯ ಚುನಾಯಿತ ಸ್ಥಾನಗಳು 224, ಬಹುಮತಕ್ಕೆ ಬೇಕಾದದ್ದು 113. ಬಿಜೆಪಿ ಕೈಯಲ್ಲಿದ್ದದ್ದು 105. ಸದನ ಭರ್ತಿಯಾಗಿದ್ದರೆ ಅಷ್ಟರಿಂದ ಕುಮಾರಸ್ವಾಮಿ ಸರಕಾರ ಬೀಳುತ್ತಿರಲಿಲ್ಲ. ವಿಪ್, ಅಂದರೆ ಹೀಗೇ ಓಟು ಹಾಕಬೇಕೆಂಬ ಪಕ್ಷದ ಆದೇಶ, ಮುರಿದು ಎದುರು ಓಟು ಹಾಕಿದರೆ ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ತಡೆ ಕಾನೂನಿನ) ಪ್ರಕಾರ ಶಾಸಕ ಸ್ಥಾನಕ್ಕೇ ಕುತ್ತು. ಹಾಗಾಗಿ ಆಡಳಿತ ಪಕ್ಷಗಳ ಅತೃಪ್ತ ಶಾಸಕರು ಎದುರು ಓಟು ಹಾಕುವ ಗೋಜಿಗೇ ಹೋಗದೆ, ರಾಜೀನಾಮೆ ಬರೆದುಕೊಟ್ಟು ಸದನದಿಂದ ದೂರ ಉಳಿದರು. ಜುಲೈ 23ರಂದು ವಿಶ್ವಾಸಮತದ ಪರ ಬಿದ್ದದ್ದು 99, ವಿರುದ್ಧ 105. ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದಾಗ ಲೆಕ್ಕ 207ಕ್ಕೆ ಇಳಿದು, ಬಹುಮತದ ಗೆರೆ 104ಕ್ಕೆ ಬಂತು. 105 ಇದ್ದವರಿಗೆ ಅಷ್ಟು ಸಾಕಾಯಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು 12 ಬಿಜೆಪಿಗೆ ಬಂದವು. ಕೊಡಪಾನದ ತೂತು ಇರುವುದು ಇಲ್ಲಿ, ಮುಖ್ಯಮಂತ್ರಿಯನ್ನು ಯಾರು ಆರಿಸುತ್ತಾರೆ ಎಂಬಲ್ಲಿ ಅಲ್ಲ.

ನೇರ ಆಯ್ಕೆಯಾದವರಿಗೂ ಬಜೆಟ್ ಪಾಸಾಗಬೇಕಷ್ಟೆ? ಅದಕ್ಕೆ ಅದೇ ಶಾಸಕರೇ ಕೈ ಎತ್ತಬೇಕು. ಮೆಕ್ಸಿಕೋ ಗಡಿಗೆ ಗೋಡೆ ಕಟ್ಟುವ ಹಣದ ವಿಚಾರದಲ್ಲಿ ಅಧ್ಯಕ್ಷರಿಗೂ ಅಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿಗೂ ಹೊಂದಾಣಿಕೆಯಾಗದೆ 2018ರ ಡಿಸೆಂಬರಿನಿಂದ 35 ದಿನ ಅಮೆರಿಕದ ಸರಕಾರಿ ಕಚೇರಿಗಳಲ್ಲಿ ಒಂದು ಪಾಲು ಬಾಗಿಲು ಹಾಕಿದ್ದವು. ನಮ್ಮಲ್ಲಿ ಬಜೆಟ್ ಬಿದ್ದರೆ ಸರಕಾರವೇ ಬೀಳುತ್ತದೆ, ಬೇರೆಯವರು ಬರುತ್ತಾರೆ. ಅಲ್ಲಿ ಇಬ್ಬರೂ ಕುರ್ಚಿಯಲ್ಲೇ ಇರುತ್ತಾರೆ, ಸಂಬಳವಿಲ್ಲದೆ ಕಾಯುವವನು ನೌಕರ.

ಇನ್ನು ಇಳಿಸುವ ಮಾತು. ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳ, ತಿರುಗಾಟ ಮುಗಿಯುವ ಪತ್ತನಾಜೆಯ ದಿನದ ತನಕ ಗೆಜ್ಜೆ ಬಿಚ್ಚುವಂತಿಲ್ಲ. ಅಮೆರಿಕದ ಅಧ್ಯಕ್ಷರದ್ದೂ ಹಾಗೇ, ಆಟ ಎಷ್ಟು ಕೆಟ್ಟರೂ ನಾಲ್ಕು ವರ್ಷ. ಮಹಾಭಿಯೋಗಕ್ಕೆ ಕೆಳಮನೆಯಲ್ಲಿ ಸರಳ ಬಹುಮತ ಸಾಕು, ಆದರೆ ಕುರ್ಚಿಯಿಂದ ಇಳಿಸಲು ಸೆನೆಟ್‌ನಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ ಎಲ್ಲರೂ ಹಾಜರಿದ್ದರೆ 100ರಲ್ಲಿ 67 ಓಟು ಬೇಕು. ಹೀಗೆ ಇಳಿದ ಅಧ್ಯಕ್ಷರು ಇಂದಿಗೂ ಒಬ್ಬರೂ ಇಲ್ಲ. 1868ರಲ್ಲಿ ಆಂಡ್ರ್ಯೂ ಜಾನ್ಸನ್ ಒಂದೇ ಓಟಿನಲ್ಲಿ ಉಳಿದುಕೊಂಡರು. ಶ್ರೀಲಂಕಾದಲ್ಲಿ 2022ರ ಮೇ ತಿಂಗಳಲ್ಲೇ ಪ್ರಧಾನಿ ಮಹಿಂದ ರಾಜಪಕ್ಸ ರಾಜೀನಾಮೆ ಕೊಟ್ಟರು. ಅಧ್ಯಕ್ಷ ಗೋಟಬಯ ಹೊರಬೀಳಲು ಜುಲೈಯಲ್ಲಿ ಜನ ಅರಮನೆಗೇ ನುಗ್ಗಬೇಕಾಯಿತು.

ಸಂಸತ್ತನ್ನೂ ಇಟ್ಟುಕೊಂಡು ಪ್ರಧಾನಿಯನ್ನು ಮಾತ್ರ ನೇರ ಆರಿಸೋಣ ಎಂದು ಕೆಲವರು ಹೇಳುವುದುಂಟು. ಇಸ್ರೇಲ್ ಅದನ್ನೇ ಮಾಡಿ ಕೈ ಸುಟ್ಟುಕೊಂಡಿತು. 1992ರಲ್ಲಿ ಕಾನೂನಾಗಿ, 1996ರಿಂದ ಮತದಾರನ ಕೈಗೆ ಎರಡು ಚೀಟಿ ಬಂದವು: ಪ್ರಧಾನಿಗೊಂದು, ಪಕ್ಷಕ್ಕೊಂದು. ಜನ ಮೊದಲನೆಯದನ್ನು ದೊಡ್ಡ ನಾಯಕರಿಗೆ ಕೊಟ್ಟು, ಎರಡನೆಯದನ್ನು ತಮ್ಮ ತಮ್ಮ ಸಮುದಾಯದ ಸಣ್ಣ ಪಕ್ಷಗಳಿಗೆ ಹಾಕಿದರು. 120 ಸ್ಥಾನಗಳಲ್ಲಿ ಎರಡು ದೊಡ್ಡ ಪಕ್ಷಗಳು 1992ರಲ್ಲಿ ಒಟ್ಟು 76 ಗೆದ್ದಿದ್ದವು. 1999ಕ್ಕೆ ಅದು 45ಕ್ಕೆ ಕುಸಿಯಿತು. ಪ್ರಧಾನಿಗೆ ಜನರ ಓಟಿತ್ತು, ಸದನದಲ್ಲಿ ಬಲವಿರಲಿಲ್ಲ. 2001ರಲ್ಲಿ ಆ ಕಾನೂನನ್ನೇ ಕಿತ್ತುಹಾಕಿದರು. ನಮ್ಮಲ್ಲಿ ಜಾತಿ ಲೆಕ್ಕಾಚಾರ ಹೇಗೆ ನಡೆಯುತ್ತದೆಂದು ನಿಮಗೆ ನಾವು ಹೇಳಬೇಕಿಲ್ಲ.

ಅಮೆರಿಕದಿಂದ ಕಲಿಯಲು ಏನೂ ಇಲ್ಲವೆಂದಲ್ಲ. ಅಲ್ಲಿಯ ಸದಸ್ಯ ತನ್ನದೇ ಪಕ್ಷದ ಅಧ್ಯಕ್ಷರ ಮಸೂದೆಗೆ 'ಬೇಡ' ಅನ್ನಬಲ್ಲ, ಸ್ಥಾನ ಹೋಗುವುದಿಲ್ಲ. ನಮ್ಮ ಶಾಸಕನಿಗೆ ಯಾವುದೋ ಸಣ್ಣ ತಿದ್ದುಪಡಿ ಮಸೂದೆಗೂ ವಿಪ್ಪಿನ ಭಯ. ವಿಶ್ವಾಸಮತ ಮತ್ತು ಹಣಕಾಸಿನ ಮಸೂದೆಗಳಿಗೆ ಮಾತ್ರ ವಿಪ್ ಸಾಕು ಎಂಬುದು ನಮ್ಮ ಅಭಿಪ್ರಾಯ. ಜತೆಗೆ, ಅವಧಿಯ ನಡುವೆ ರಾಜೀನಾಮೆ ಕೊಟ್ಟವರು ಆ ಸದನದ ಅವಧಿ ಮುಗಿಯುವ ತನಕ ಸ್ಪರ್ಧಿಸಬಾರದು.

ಇನ್ನೊಂದು ಉಪಾಯ ಜರ್ಮನಿಯದ್ದು. ಅಲ್ಲಿ ಸರಕಾರದ ಮುಖ್ಯಸ್ಥರಾದ ಚಾನ್ಸಲರ್ ಅವರನ್ನು ಇಳಿಸಬೇಕಾದರೆ ಅದೇ ಮತದಾನದಲ್ಲಿ ಹೊಸಬರನ್ನು ಬಹುಮತದಿಂದ ಆರಿಸಲೇಬೇಕು. 1982ರಲ್ಲಿ ಶ್ಮಿಟ್ ಹೋಗಿ ಕೋಲ್ ಬಂದದ್ದು ಹಾಗೆ. ಈ ನಿಯಮ ನಮ್ಮಲ್ಲಿದ್ದಿದ್ದರೆ 1999ರ ಏಪ್ರಿಲಿನಲ್ಲಿ 269–270, ಒಂದೇ ಓಟಿನಲ್ಲಿ ವಾಜಪೇಯಿ ಸರಕಾರ ಬೀಳುತ್ತಿರಲಿಲ್ಲ. ಬೀಳಿಸಿದವರ ಬಳಿ ಬದಲಿ ಸರಕಾರ ಇರಲಿಲ್ಲವಲ್ಲ! ಅದಿಲ್ಲದೆ ದೇಶ ಮತ್ತೆ ಚುನಾವಣೆಗೆ ಹೋಯಿತು.

'ಅಡ್ಡಿ ಏನು' ಎಂದಿರಿ. ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ, ರಾಷ್ಟ್ರಪತಿಯವರ ಆಯ್ಕೆಯ ವಿಧಾನ ಬದಲಿಸುವುದಾದರೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ. ಅದನ್ನೂ ದಾಟಿದರೆ ಕೊನೆಗೆ ಎದುರಾಗುವುದು ನಮ್ಮ ಮಗ್ಗುಲಿನ ಕಾಸರಗೋಡಿನ ಎಡನೀರು ಮಠ! ಅಲ್ಲಿಯ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ, 7–6ರ ಬಹುಮತದಲ್ಲಿ, ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೆಡವುವಂತಿಲ್ಲ ಎಂದಿತು. ಆ ಏಳರಲ್ಲಿ ಒಬ್ಬರು ಕಾರ್ಕಳ ತಾಲೂಕಿನವರೇ ಆದ ಕೆ.ಎಸ್. ಹೆಗ್ಡೆ. ಸಂಸದೀಯ ಪದ್ಧತಿಯನ್ನು ಕಿತ್ತು ಅಧ್ಯಕ್ಷೀಯ ಪದ್ಧತಿ ತರುವ ತಿದ್ದುಪಡಿ ಬಂದ ದಿನ, ಮೊದಲ ರಿಟ್ ಅರ್ಜಿ ಆ ತೀರ್ಪನ್ನೇ ಹಿಡಿದು ಬರುತ್ತದೆ.