ಸಂಗೀತ ಬರೆಯುವುದು, ಆರ್ಕೆಸ್ಟ್ರಾ ನಡೆಸುವುದು: ಎರಡನ್ನೂ ಒಬ್ಬರೇ ಮಾಡಬಹುದಾ?

ಮಗಳು ಪಿಯಾನೋದಲ್ಲಿ ಎಂಟನೇ ಗ್ರೇಡ್ ಪರೀಕ್ಷೆ ಮುಗಿಸಿದ್ದಾಳೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕಂಪೋಸರ್ (ಸಂಗೀತ ಬರೆಯುವವರು) ಆಗಬೇಕು, ಜೊತೆಗೆ ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸುವವರು) ಕೂಡ ಆಗಬೇಕು ಅಂತಾಳೆ, ಇದು ನಡೆಯುವ ಮಾತಾ ಅಂತ ಕೇಳಿದ್ದೀರಿ. ನಡೆಯುತ್ತದೆ. ಆದರೆ ಕಂಡಕ್ಟಿಂಗ್ ಕೈ ಹಿಡಿದರೆ, ಬರೆಯುವುದಕ್ಕೆ ಸಮಯವೇ ಸಿಗುವುದಿಲ್ಲ. ಈ ಕಷ್ಟವನ್ನು ಚೆನ್ನಾಗಿ ತೋರಿಸುವುದು ಕಂಪೋಸರ್ ಕೂಡ, ಕಂಡಕ್ಟರ್ ಕೂಡ ಆಗಿರುವ ಎಸಾ-ಪೆಕ್ಕಾ ಸಲೋನೆನ್ ಅವರ ಬದುಕು. ನಾನು ಇರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ. ಅವರು ಇಲ್ಲಿನ ಆರ್ಕೆಸ್ಟ್ರಾ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯಲ್ಲಿ ಇದ್ದಷ್ಟು ಕಾಲ ಅವರ ಕಛೇರಿಗಳನ್ನು ಆಸೆಪಟ್ಟು ಕೇಳಿದ್ದೇನೆ.

ಹುಟ್ಟಿದ್ದು 1958ರಲ್ಲಿ, ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ. ಅಲ್ಲಿನ ಸಿಬೇಲಿಯಸ್ ಅಕಾಡೆಮಿಯಲ್ಲಿ ಹಾರ್ನ್ ಎಂಬ ಊದುವ ವಾದ್ಯ ಕಲಿತರು, ಕಂಪೋಸರ್ ರೌತವಾರಾ ಅವರ ಹತ್ತಿರ ಸಂಗೀತ ರಚನೆ, ಯೋರ್ಮಾ ಪನುಲಾ ಅವರ ಹತ್ತಿರ ಕಂಡಕ್ಟಿಂಗ್. ಮನಸ್ಸಿದ್ದದ್ದು ಬರೆಯುವುದರಲ್ಲಿ. ಕಂಪೋಸರ್‌ಗಳಾದ ಮ್ಯಾಗ್ನಸ್ ಲಿಂಡ್‌ಬರ್ಗ್, ಕಾಯಾ ಸಾರಿಯಾಹೊ ಇವರೆಲ್ಲ ಒಂದೇ ಗುಂಪಿನ ಗೆಳೆಯರು. ಹೊಸಬರು ಬರೆದದ್ದನ್ನು ನುಡಿಸುವವರ ಮುಂದೆ ನಿಂತು ನಡೆಸುವುದಕ್ಕೆ ಯಾರಾದರೂ ಬೇಕಲ್ವಾ? ಸಲೋನೆನ್ ಕಂಡಕ್ಟಿಂಗ್‌ಗೆ ಇಳಿದದ್ದು ಹೀಗೆ.

1983ರಲ್ಲಿ ಎಲ್ಲ ತಿರುಗಿತು. ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಕಂಪೋಸರ್ ಮಾಹ್ಲರ್ ಅವರ ಮೂರನೇ ಸಿಂಫನಿಯನ್ನು (ಸಿಂಫನಿ ಅಂದರೆ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ) ಕಂಡಕ್ಟರ್ ಮೈಕೆಲ್ ಟಿಲ್ಸನ್ ಥಾಮಸ್ ನಡೆಸಬೇಕಿತ್ತು. ಅವರಿಗೆ ಬರಲು ಆಗಲಿಲ್ಲ. ಇನ್ನೂ ಇಪ್ಪತ್ತೈದರ ಸಲೋನೆನ್‌ಗೆ ಕರೆ ಬಂತು. ಆರು ಭಾಗಗಳ, ಒಂದೂವರೆ ಗಂಟೆ ಮೀರುವ ಕೃತಿ. ಕೈಯಲ್ಲಿ ಇದ್ದದ್ದು ಕೆಲವೇ ದಿನ. ಅಷ್ಟರಲ್ಲೇ ಸ್ಕೋರ್ (ಎಲ್ಲ ವಾದ್ಯಗಳ ಸ್ವರ ಬರೆದಿರುವ ಪುಸ್ತಕ) ಓದಿಕೊಂಡು ಹೋಗಿ ನಡೆಸಿದರು. ಆಮೇಲೆ ಎಲ್ಲ ಕಡೆಯಿಂದ ಕರೆ. 1992ರಲ್ಲಿ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್‌ನ ಸಂಗೀತ ನಿರ್ದೇಶಕರಾಗಿ, 2009ರವರೆಗೂ ಅಲ್ಲೇ ಇದ್ದರು.

ಸಂಗೀತ ನಿರ್ದೇಶಕ ಅಂದರೆ ಸುಮ್ನೆ ಕೋಲು ಹಿಡಿದು ನಿಲ್ಲುವ ಕೆಲಸ ಅಂದುಕೊಳ್ಳಬೇಡಿ. ಇಡೀ ವರ್ಷದ ಕಾರ್ಯಕ್ರಮ ಆರಿಸಬೇಕು, ಹೊಸ ವಾದಕರ ಆಯ್ಕೆಯಲ್ಲಿ ಕೂರಬೇಕು, ಪ್ರವಾಸ ಹೋಗಬೇಕು, ದಾನಿಗಳ ಜೊತೆ ಊಟಕ್ಕೂ ಕೂರಬೇಕು. ಇದೆಲ್ಲದರ ಮಧ್ಯೆ ವಾರವಾರವೂ ಬೇರೆಯವರ ಸ್ಕೋರ್ ತಲೆಯಲ್ಲಿ ಓಡುತ್ತಿರುತ್ತದೆ. ಸ್ವಂತದ್ದು ಬರೆಯುವುದಾದರೂ ಯಾವಾಗ? 2000ದಲ್ಲಿ ಅವರು ಕಂಡಕ್ಟಿಂಗ್‌ನಿಂದ ಒಂದು ವರ್ಷ ದೂರ ಉಳಿದರು, ಬರೆಯುವುದಕ್ಕೆಂದೇ. ಅಷ್ಟು ಹೆಸರು ಮಾಡಿದ ಮೇಲೂ ಹಾಗೆ ಬಿಟ್ಟು ಕೂರುವುದಕ್ಕೆ ಎದೆಗಾರಿಕೆ ಬೇಕು.

ಆದರೆ ಕಂಡಕ್ಟಿಂಗ್ ಅವರಿಂದ ಕಿತ್ತುಕೊಂಡದ್ದಕ್ಕಿಂತ ಕೊಟ್ಟದ್ದೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ‘ಎಲ್.ಎ. ವೇರಿಯೇಷನ್ಸ್’ ಕೇಳಿ. ತಮ್ಮ ಆರ್ಕೆಸ್ಟ್ರಾಗೆಂದೇ ಬರೆದದ್ದು, 1997ರ ಜನವರಿಯಲ್ಲಿ ಮೊದಲ ಸಲ ನುಡಿಸಿದರು. ಎಲ್ಲ ಬೆಳೆಯುವುದು ಎರಡು ಕಾರ್ಡ್‌ಗಳಿಂದ (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಒಂದೊಂದರಲ್ಲಿ ಆರು ಸ್ವರ, ಎರಡೂ ಸೇರಿದರೆ ಸಪ್ತಕದ ಹನ್ನೆರಡೂ ಸ್ವರ ಮುಗಿಯುತ್ತವೆ. ಲೆಕ್ಕ ಒಣಗಿದಂತೆ ಕಾಣಬಹುದು, ಕೇಳಿದರೆ ಮೈ ನವಿರೇಳುತ್ತದೆ. ಯಾವ ವಾದ್ಯ ಎಲ್ಲಿ ಬಂದರೆ ಕಿವಿಗೆ ಬೀಳುತ್ತದೆ, ಎಲ್ಲಿ ಮುಳುಗಿಹೋಗುತ್ತದೆ ಅನ್ನುವುದು ವರ್ಷಗಟ್ಟಲೆ ಆರ್ಕೆಸ್ಟ್ರಾ ಮುಂದೆ ನಿಂತವರಿಗೆ ಮಾತ್ರ ಹೀಗೆ ಗೊತ್ತಿರುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ನುಡಿಸುವ ಇಲ್ಲಿನ ಡೇವೀಸ್ ಹಾಲ್‌ನಲ್ಲಿ ವೇದಿಕೆಯ ಹಿಂದೆ ಕೂರುವ ಸೀಟುಗಳಿವೆ. ನನಗೆ ಅವೇ ಇಷ್ಟ, ಕಂಡಕ್ಟರ್ ಮುಖ ಎದುರಿಗೇ ಕಾಣುತ್ತದೆ. ಒಂದು ವಾದ್ಯ ಶುರುವಾಗುವ ಮೊದಲೇ ಸಲೋನೆನ್ ಕಣ್ಣು ಆ ವಾದಕರ ಕಡೆ ಹೋಗಿರುತ್ತದೆ. ಬಲಗೈ ತಾಳ ಬಿಡುವುದಿಲ್ಲ, ಎಡಗೈ ಸುಮ್ಮನಿದ್ದು, ಬೇಕಾದಾಗ ಮಾತ್ರ ಮೇಲೇಳುತ್ತದೆ. ಮುಂದಿನ ನಾಲ್ಕು ಸಾಲು ಮೊದಲೇ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊಗೆ ಅವರು 2020ರಲ್ಲಿ ಸಂಗೀತ ನಿರ್ದೇಶಕರಾಗಿ ಬಂದದ್ದು ಅದೇ ಟಿಲ್ಸನ್ ಥಾಮಸ್ ಅವರ ಜಾಗಕ್ಕೆ. ಸಂಸ್ಥೆಯ ಮುಂದಿನ ದಾರಿಯ ಬಗ್ಗೆ ಆಡಳಿತ ಮಂಡಳಿಯ ಗುರಿಗಳೂ ತಮ್ಮ ಗುರಿಗಳೂ ಒಂದಲ್ಲ ಅಂತ 2024ರ ಮಾರ್ಚ್‌ನಲ್ಲಿ ಹೇಳಿ, 2025ರಲ್ಲಿ ಬಿಟ್ಟರು. ನಮ್ಮಂಥ ಕೇಳುಗರಿಗೆ ತುಂಬಾ ಬೇಜಾರಾಯಿತು. ಎಷ್ಟು ದೊಡ್ಡ ಹೆಸರಾದರೂ ಈ ಕೆಲಸ ದುಡ್ಡು, ಮಂಡಳಿ ಇವುಗಳ ಮೇಲೆ ನಿಂತಿರುತ್ತದೆ ಅನ್ನುವುದನ್ನು ಮಗಳಿಗೆ ಈಗಲೇ ತಿಳಿಸಿ.

ಅವಳು ಪಿಯಾನೋ ಬಿಡಬಾರದು. ಜೊತೆಗೆ ಆರ್ಕೆಸ್ಟ್ರಾದ ಒಂದು ವಾದ್ಯ ಕಲಿಯಲಿ, ವಯೋಲಿನ್ನೋ ಚೆಲ್ಲೋನೋ. ನಾಲ್ಕೈದು ಜನ ನುಡಿಸುವಂಥದ್ದು ಏನಾದರೂ ಬರೆದು, ಗೆಳೆಯರನ್ನು ಸೇರಿಸಿ ತಾನೇ ನಡೆಸಲಿ. ಸಲೋನೆನ್ ಅವರ ವಯೋಲಿನ್ ಕನ್ಸರ್ಟೊ (ಒಂಟಿ ವಯೋಲಿನ್ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ಕೇಳಿಸಿ. 2009ರಲ್ಲಿ ಲಾಸ್ ಏಂಜಲೀಸ್ ಬಿಡುವ ಹೊತ್ತಿಗೆ ವಯೋಲಿನ್ ವಾದಕಿ ಲೀಲಾ ಜೋಸೆಫೊವಿಟ್ಜ್ ಅವರಿಗಾಗಿ ಬರೆದದ್ದು, 2012ರಲ್ಲಿ ಸಂಗೀತ ರಚನೆಗೆ ಕೊಡುವ ಗ್ರಾವೆಮೈಯರ್ ಪ್ರಶಸ್ತಿ ಬಂತು. ಎಲ್ಲೋ ಆಗಲೇ ನಡೆಯುತ್ತಿದ್ದ ಸಂಗೀತದ ಮಧ್ಯಕ್ಕೆ ನಾವು ಹೊಕ್ಕಂತೆ ವಯೋಲಿನ್ ಶುರುವಾಗುತ್ತದೆ. ಮೂರನೇ ಭಾಗದಲ್ಲಿ ಡ್ರಮ್ ಸೆಟ್ ಕೂಡ ಇದೆ, ಅವಳ ವಯಸ್ಸಿಗೆ ಅದು ತುಂಬಾ ಹಿಡಿಸಬಹುದು.